ಬ್ರೂಕ್ಲಿನ್‌ನ ಬ್ರೌನ್‌ಸ್ಟೋನ್ ಮನೆ: ಕಲ್ಲು ಯಾಕೆ ಚಕ್ಕೆ ಏಳುತ್ತದೆ, ಏನು ಮಾಡಬೇಕು?

ಪ್ರಶ್ನೆ: ನಾನು ಬಾಗಲಕೋಟೆಯ ನಿವೃತ್ತ ಶಾಲಾ ಮಾಸ್ತರ. ಮಗಳು, ಅಳಿಯ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಬೆಡ್‌ಫರ್ಡ್-ಸ್ಟೈವಸೆಂಟ್ ಎಂಬ ಕಡೆ, 1880ರ ದಶಕದ ಒಂದು ಬ್ರೌನ್‌ಸ್ಟೋನ್ ಮನೆ ಕೊಳ್ಳಬೇಕೆಂದಿದ್ದಾರೆ. ಫೋಟೋ ಕಳಿಸಿದ್ದರು. ಮುಂಗೋಡೆಯ ಕಲ್ಲು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿದೆ. ನಮ್ಮ ಬಾದಾಮಿಯ ಗುಹೆಗಳೂ ಹೆಚ್ಚುಕಡಿಮೆ ಅದೇ ಬಣ್ಣದ ಮರಳುಗಲ್ಲಿನವು. 1,400 ವರ್ಷದಿಂದ ಇವೆ. ಈ ಕಲ್ಲು 150 ವರ್ಷ ತುಂಬುವ ಮೊದಲೇ ಯಾಕೆ ಹೀಗಾಯಿತು? ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸರಿಹೋಗುತ್ತದೆ ಎಂದು ಮಾರುವವರು ಹೇಳಿದ್ದಾರಂತೆ. ನಿಜವೇ? ಇಂಥ ಮನೆ ಕೊಳ್ಳಬಹುದೇ?

ಉತ್ತರ: ಮಾಸ್ತರೇ, ನಮಸ್ಕಾರ. ಪೇಂಟಿನ ಮಾತು ಮೊದಲು ಮುಗಿಸುತ್ತೇನೆ, ಅದು ಅವಸರದ್ದು. ಪೇಂಟ್ ಬೇಡ. ವಾಟರ್‌ಪ್ರೂಫ್ ಅಂತ ಹೆಸರಿರುವ ಯಾವ ಲೇಪವೂ ಬೇಡ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ. ಮನೆ ಕೊಳ್ಳಬಹುದೇ ಅಂದರೆ, ಕೊಳ್ಳಬಹುದು. ಆದರೆ ಕಲ್ಲಿಗೆ ಏನಾಗಿದೆ ಅಂತ ತಿಳಿದುಕೊಂಡು, ಅದರ ದುರಸ್ತಿಯ ಖರ್ಚನ್ನು ಲೆಕ್ಕಕ್ಕೆ ಹಿಡಿದು ಕೊಳ್ಳಬೇಕು.

ನಾನು 20 ವರ್ಷದಿಂದ ಇಲ್ಲಿ ನ್ಯೂಯಾರ್ಕಿನ ಹಳೆಯ ಕಲ್ಲುಮನೆಗಳ ದುರಸ್ತಿ ಕೆಲಸದಲ್ಲಿದ್ದೇನೆ. ಬಾದಾಮಿಯ ಜೊತೆ ಹೋಲಿಸಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನೀವು ಸರಿಯಾದ ಜಾಗವನ್ನೇ ಮುಟ್ಟಿದ್ದೀರಿ.

ಬ್ರೌನ್‌ಸ್ಟೋನ್ ಅನ್ನೋದು ಮೂಲತಃ ಕಲ್ಲಿನ ಹೆಸರು, ಕಂದು ಬಣ್ಣದ ಮರಳುಗಲ್ಲು. ಸುಮಾರು 20 ಕೋಟಿ ವರ್ಷದ ಹಿಂದೆ ಅಮೆರಿಕ, ಆಫ್ರಿಕ, ಯುರೋಪ್ ಎಲ್ಲ ಸೇರಿ ಒಂದೇ ದೊಡ್ಡ ನೆಲವಾಗಿತ್ತು. ಅದು ಸೀಳಲು ಶುರುವಾದಾಗ ಈಗ ನ್ಯೂಯಾರ್ಕಿನ ಅಕ್ಕಪಕ್ಕದ ರಾಜ್ಯಗಳಾದ ಕನೆಕ್ಟಿಕಟ್, ನ್ಯೂಜೆರ್ಸಿ ಕಡೆ ಉದ್ದುದ್ದ ತಗ್ಗುಗಳಾದವು. ಸುತ್ತಲಿನ ಗುಡ್ಡಗಳಿಂದ ಹೊಳೆಗಳು ಮರಳು, ಕೆಸರು ಹೊತ್ತು ತಂದು ಆ ತಗ್ಗಿಗೆ ಸುರಿದವು. ಒಂದು ಪ್ರವಾಹದ ಮರಳಿನ ಮೇಲೆ ಇನ್ನೊಂದು ಪ್ರವಾಹದ್ದು, ಅದರ ಮೇಲೆ ಮತ್ತೊಂದು. ಮರಳಿನ ಕಾಳುಗಳಿಗೆ ಕಬ್ಬಿಣದ ತುಕ್ಕು ಅಂಟಿಕೊಂಡು ಬಣ್ಣ ಬಂತು. ಗಣಿಯಿಂದ ಹೊಸದಾಗಿ ತೆಗೆದಾಗ ಈ ಕಲ್ಲಿನಲ್ಲಿ ಸ್ವಲ್ಪ ಗುಲಾಬಿ ಛಾಯೆ ಇರುತ್ತದೆ. ಗಾಳಿ, ಮಳೆಗೆ ಒಡ್ಡಿದ ಮೇಲೆ ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ. ಕನೆಕ್ಟಿಕಟ್ ಕಣಿವೆಯ ಇದೇ ಪದರಗಳಲ್ಲಿ ಡೈನೋಸಾರ್‌ಗಳ ಹೆಜ್ಜೆ ಗುರುತುಗಳು ಸಿಕ್ಕಿವೆ. ಒದ್ದೆ ಕೆಸರಿನ ಮೇಲೆ ನಡೆದುಹೋದ ಗುರುತು ಹಾಗೇ ಕಲ್ಲಾಗಿದೆ. ಇಲ್ಲಿ ಮಕ್ಕಳಿಗೆ ಈ ಕಲ್ಲಿನ ಬಗ್ಗೆ ಹೇಳುವಾಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಪದರ ಅಂದರೆ ಏನು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ.

ಬಾದಾಮಿಯ ಕೆಂಪಿಗೂ ಕಾರಣ ಕಬ್ಬಿಣವೇ. ಆದರೆ ಎರಡರ ನಡುವೆ ವ್ಯತ್ಯಾಸ ಬಹಳ ಇದೆ. ಬಾದಾಮಿಯ ಕಲ್ಲು ಇದಕ್ಕಿಂತ ಹಲವು ಪಟ್ಟು ಹಳೆಯದು. ಅದರಲ್ಲಿ ಬೆಣಚುಕಲ್ಲಿನ ಕಾಳುಗಳೇ ಜಾಸ್ತಿ, ಅವು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡಿವೆ. ಬ್ರೌನ್‌ಸ್ಟೋನಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜವೂ ಸಾಕಷ್ಟಿದೆ. ಅದು ಕಾಲ ಕಳೆದ ಹಾಗೆ ಜೇಡಿಯಾಗಿ ಬದಲಾಗುತ್ತದೆ. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಆದ್ದರಿಂದ ಇದು ಮೆತ್ತನೆಯ ಕಲ್ಲು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಹೂಬಳ್ಳಿ ಕೆತ್ತಲು ಹೇಳಿ ಮಾಡಿಸಿದ ಹಾಗಿದೆ. ಬೇಗ ಸವೆಯುವುದಕ್ಕೂ ಅದೇ ಗುಣ ಕಾರಣ.

ಇಷ್ಟೇ ಆಗಿದ್ದರೆ ಈ ಕಲ್ಲು ಇನ್ನೂ ಬಹಳ ಕಾಲ ತಾಳುತ್ತಿತ್ತು. ಮುಖ್ಯ ತಪ್ಪು ನಡೆದದ್ದು ಅದನ್ನು ಗೋಡೆಗೆ ಕೂರಿಸಿದ ರೀತಿಯಲ್ಲಿ.

ಬಾದಾಮಿಯ ಮೂರನೇ ಗುಹೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಕ್ರಿ.ಶ. 578ರ ಮಂಗಲೇಶನ ಶಾಸನ ಇರುವ ಗುಹೆ. ಅಲ್ಲಿ ಶಿಲ್ಪಿಗಳು ಕಲ್ಲನ್ನು ಎಲ್ಲಿಂದಲೂ ತಂದು ಜೋಡಿಸಲಿಲ್ಲ. ಬೆಟ್ಟವನ್ನೇ ಒಳಗೆ ಕೊರೆದರು. ಹಾಗಾಗಿ ಪದರಗಳು ಪ್ರಕೃತಿ ಹಾಸಿದ ಹಾಗೆಯೇ ಇವತ್ತಿಗೂ ಅಡ್ಡಡ್ಡ ಮಲಗಿವೆ. ಒಂದರ ಭಾರ ಇನ್ನೊಂದರ ಮೇಲೆ ಕೂತು, ಒತ್ತಿ ಹಿಡಿದಿದೆ. ಮಳೆ ನೀರು ಹೊರಗಿನಿಂದ ಬಡಿದರೂ ಪದರಗಳ ಅಂಚಿಗೆ ಮಾತ್ರ ತಾಗುತ್ತದೆ.

ಈಗ ನಿಮ್ಮ ಮಗಳು ನೋಡಿದ ಮನೆಗೆ ಬನ್ನಿ. ನಿಮಗೆ ಶಹಾಬಾದ್ ಕಲ್ಲಿನ ಹಾಸು ಗೊತ್ತಿದೆಯಲ್ಲ? ಪದರ ಪದರವಾಗಿ ಬಿಡಿಸಿಕೊಳ್ಳುವ ಕಲ್ಲು, ನೆಲಕ್ಕೆ ಹಾಸಿದರೆ ತಲೆಮಾರು ತಾಳುತ್ತದೆ. ಬ್ರೌನ್‌ಸ್ಟೋನನ್ನೂ ಪದರದ ಗುಂಟ ದೊಡ್ಡ ದೊಡ್ಡ ಹಾಸುಗಳಾಗಿ ಸೀಳಬಹುದು. ಇಲ್ಲಿ ಮನೆ ಕಟ್ಟಿದವರು ಆ ಹಾಸುಗಳನ್ನು ಎಬ್ಬಿಸಿ ನಿಲ್ಲಿಸಿ ಗೋಡೆಯ ಮುಂಭಾಗಕ್ಕೆ ಹಚ್ಚಿದರು. ನುಣುಪಾದ ಅಗಲ ಮುಖ ಬೀದಿಗೆ ಕಾಣಲಿ ಅಂತ. ಪುಸ್ತಕವನ್ನು ಮಲಗಿಸಿ ಇಡುವ ಬದಲು ನಿಲ್ಲಿಸಿ, ರಟ್ಟನ್ನು ಬೀದಿಗೆ ತಿರುಗಿಸಿದ ಹಾಗೆ. ಪದರಗಳನ್ನು ಒತ್ತಿ ಹಿಡಿಯುವ ಭಾರ ಈಗ ಇಲ್ಲ. ಮೇಲಂಚಿನಿಂದ ಇಳಿದ ನೀರು ಹಾಳೆಗಳ ನಡುವೆ ನೇರವಾಗಿ ಹೋಗುತ್ತದೆ. ನ್ಯೂಯಾರ್ಕಿನ ಚಳಿಗೆ ಆ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಒಂದೇ ಚಳಿಗಾಲದಲ್ಲಿ ಎಷ್ಟೋ ಸಲ ಹೀಗಾಗುತ್ತದೆ. ಒಂದು ದಿನ ಹೊರಗಿನ ಹಾಳೆ ಕಿತ್ತು ಬೀಳುತ್ತದೆ. ನೀವು ಹಪ್ಪಳ ಅಂದದ್ದು ಇದನ್ನೇ.

ಬಾಗಲಕೋಟೆಯ ಬಿಸಿಲು ಎಷ್ಟೇ ಉರಿದರೂ ಈ ಹೆಪ್ಪುಗಟ್ಟುವ ಕಾಟ ಅಲ್ಲಿಲ್ಲ.

ಹೀಗೆ ಆಗುತ್ತದೆ ಅಂತ ಆಗಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಲ್ಲನ್ನು ಅದು ಭೂಮಿಯಲ್ಲಿ ಮಲಗಿದ್ದ ಹಾಗೆಯೇ ಗೋಡೆಯಲ್ಲೂ ಮಲಗಿಸಬೇಕು ಅನ್ನೋದು ಕಲ್ಲುಕೆಲಸದವರ ಹಳೆಯ ಪಾಠ. 1880ರ ದಶಕದಲ್ಲೇ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನ ಭೂವಿಜ್ಞಾನಿ ಅಲೆಕ್ಸಿಸ್ ಜೂಲಿಯನ್ ಆ ನಗರದ ಕಟ್ಟಡ ಕಲ್ಲುಗಳು ಹಾಳಾಗುವುದನ್ನು ಅಭ್ಯಾಸ ಮಾಡಿ, ಪದರ ನಿಲ್ಲಿಸಿ ಹಚ್ಚಿದ ಬ್ರೌನ್‌ಸ್ಟೋನ್ ಬೇಗ ಉದುರುತ್ತದೆ ಅಂತ ತೋರಿಸಿದ್ದರು. ನಿಮ್ಮ ಮಗಳ ಮನೆ ಏಳುತ್ತಿದ್ದ ಕಾಲ ಅದು! ಆದರೆ ಕಟ್ಟುವವರಿಗೆ ಅವಸರ. ಬಹುಪಾಲು ಮನೆಗಳನ್ನು ಯಾರೋ ತಮಗೆ ಇರಲೆಂದು ಕಟ್ಟಿಸಿದ್ದಲ್ಲ. ಒಬ್ಬ ಕಂತ್ರಾಟುದಾರ ಒಂದು ಬೀದಿಯ ಸಾಲನ್ನೇ ಹಿಡಿದು, ಎಂಟು ಹತ್ತು ಮನೆ ಒಟ್ಟಿಗೆ ಎಬ್ಬಿಸಿ, ಒಂದೊಂದಾಗಿ ಮಾರುತ್ತಿದ್ದ. ಗಣಿಯಿಂದ ತೆಗೆದ ಕಲ್ಲಿನಲ್ಲಿ ತೇವ ಇರುತ್ತದೆ. ಅದನ್ನು ತಿಂಗಳುಗಟ್ಟಲೆ ಆರಲು ಬಿಡಬೇಕು. ಬೇಡಿಕೆ ಜಾಸ್ತಿಯಾದಾಗ ಆ ತಾಳ್ಮೆಯೂ ಉಳಿಯಲಿಲ್ಲ.

ಬೇಡಿಕೆಗೆ ಕಾರಣವೂ ಇತ್ತು. 1846ರಲ್ಲಿ ವಾಲ್ ಸ್ಟ್ರೀಟಿನ ಎದುರು ಟ್ರಿನಿಟಿ ಚರ್ಚ್ ನ್ಯೂಜೆರ್ಸಿಯ ಬ್ರೌನ್‌ಸ್ಟೋನಿನಲ್ಲಿ ಎದ್ದು ನಿಂತಿತು. 1859ರಲ್ಲಿ ಕೂಪರ್ ಯೂನಿಯನ್ ಎಂಬ ಕಾಲೇಜಿನ ಕಟ್ಟಡವೂ ಬ್ರೌನ್‌ಸ್ಟೋನಿನಲ್ಲೇ ಬಂತು. ಮುಂದಿನ ವರ್ಷ ಲಿಂಕನ್ ಭಾಷಣ ಮಾಡಿದ್ದು ಅದರಲ್ಲೇ. ಈ ಬಣ್ಣಕ್ಕೆ ಗೌರವ ಬಂತು. ಅಮೃತಶಿಲೆ, ಗ್ರಾನೈಟ್ ಕೊಳ್ಳಲಾಗದ ಮಧ್ಯಮ ವರ್ಗದವರಿಗೂ ಕಲ್ಲಿನ ಮನೆಯ ಆಸೆ ಹತ್ತಿತು. ಕನೆಕ್ಟಿಕಟ್ ನದಿಯ ದಡದ ಪೋರ್ಟ್‌ಲೆಂಡ್ ಎಂಬ ಊರಿನ ಗಣಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕಲ್ಲನ್ನು ಗಣಿಯ ಬಾಯಿಂದಲೇ ಹಾಯಿಹಡಗಿಗೆ ಹೇರಿ, ನದಿ ಇಳಿಸಿ, ಕಡಲ ದಾರಿಯಲ್ಲಿ ನ್ಯೂಯಾರ್ಕಿಗೆ ಸಾಗಿಸುತ್ತಿದ್ದರು. ಭಾರದ ಸರಕು ನೀರಿನ ಮೇಲೆ ಅಗ್ಗವಾಗಿ ಬರುತ್ತಿತ್ತು. ಉಗಿಯ ಯಂತ್ರದ ಗರಗಸ ಬಂದ ಮೇಲೆ ತೆಳು ಹಾಸು ಕೊಯ್ಯುವುದೂ ಸಲೀಸಾಯಿತು. (ಪೋರ್ಟ್‌ಲೆಂಡ್ ಸಿಮೆಂಟಿಗೂ ಈ ಊರಿಗೂ ಸಂಬಂಧವಿಲ್ಲ. ಆ ಹೆಸರು ಇಂಗ್ಲೆಂಡಿನ ಪೋರ್ಟ್‌ಲೆಂಡ್ ಕಲ್ಲಿನಿಂದ ಬಂದದ್ದು.)

ಆ ಗಣಿಗಳ ಕೊನೆ ನನಗೆ ಯಾವಾಗಲೂ ಬೇಸರ ತರುತ್ತದೆ. ಕಾಲ ಬದಲಾಯಿತು, ಜನ ಬಿಳಿ ಸುಣ್ಣಕಲ್ಲಿನ ಕಡೆ ತಿರುಗಿದರು, ಕಾಂಕ್ರೀಟ್ ಬಂತು. 1936ರ ಪ್ರವಾಹ, 1938ರ ಚಂಡಮಾರುತ ಎರಡೂ ಸೇರಿ ಗಣಿಗಳನ್ನು ನೀರಿನಿಂದ ತುಂಬಿಬಿಟ್ಟವು. ಮುಂದೆ ಹಲವು ದಶಕಗಳ ನಂತರ ಸಣ್ಣ ಮಟ್ಟದಲ್ಲಿ ಮತ್ತೆ ಕಲ್ಲು ತೆಗೆದರು, ಅದೂ ಈಗ ನಿಂತಿದೆ. 2000ದಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳ ಅಂತ ಘೋಷಿಸಿದರು. ಈಗ ಆ ಹೊಂಡಗಳಲ್ಲಿ ಜನ ಈಜುತ್ತಾರೆ. ನಿಮ್ಮ ಮಗಳಿಗೆ ಇದರಿಂದ ಆಗುವ ತೊಂದರೆ ಏನೆಂದರೆ, ಉದುರಿದ ಕಡೆ ಹಚ್ಚಲು ಅದೇ ಗಣಿಯ ಕಲ್ಲು ಸಿಗುವುದು ಬಹಳ ಕಷ್ಟ.

ಇನ್ನು ಮನೆಯ ವಿಷಯ. ಹೆಸರು ಕೇಳಿದರೆ ಇಡೀ ಮನೆ ಕಲ್ಲಿನದು ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಕಲ್ಲು ಇರುವುದು ಬೀದಿಯ ಮುಖಕ್ಕೆ ಮಾತ್ರ, ಅದೂ 4ರಿಂದ 6 ಇಂಚು ದಪ್ಪ. ಅದರ ಹಿಂದೆ ಇಟ್ಟಿಗೆಯ ಗೋಡೆ ಇದೆ, ಮುಂಗೋಡೆಯ ಬಲ ಇರುವುದು ಅದರಲ್ಲೇ. ಎಡ ಬಲದ ಗೋಡೆಗಳೂ ಇಟ್ಟಿಗೆಯವೇ. ಅವನ್ನು ಪಕ್ಕದ ಮನೆಯ ಜೊತೆ ಹಂಚಿಕೊಂಡಿರುತ್ತಾರೆ. ಮರದ ತೊಲೆಗಳು ಈ ಗೋಡೆಯಿಂದ ಆ ಗೋಡೆಗೆ ಹಾಯುತ್ತವೆ. ಆದ್ದರಿಂದ ಮುಂಗಡೆಯ ಕಲ್ಲು ಉದುರುತ್ತಿದೆ ಅಂದ ಮಾತ್ರಕ್ಕೆ ಮನೆ ಬೀಳುತ್ತದೆ ಅಂತಲ್ಲ. ಇದನ್ನು ಮಗಳಿಗೂ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಆದರೆ ದೊಡ್ಡ ಚಕ್ಕೆ ಕಿತ್ತು ದಾರಿಯಲ್ಲಿ ಹೋಗುವವರ ಮೇಲೆ ಬೀಳಬಹುದು. ಅದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು.

ಈ ಮನೆಗಳು ಉದ್ದಕ್ಕೆ, ಕಿರಿದಾಗಿ ಇರುತ್ತವೆ. ನಿವೇಶನವೇ ಸಾಮಾನ್ಯವಾಗಿ 20ರಿಂದ 25 ಅಡಿ ಅಗಲ, 100 ಅಡಿ ಉದ್ದ. ಹಿಂದೆ ಹಿತ್ತಲು ಉಂಟು, ಹಿಂದಿನ ಗಲ್ಲಿ ಇಲ್ಲ. ಅಂದರೆ ಕಲ್ಲಿದ್ದಲು, ದಿನಸಿ, ಕೆಲಸದವರು, ನೆಂಟರು ಎಲ್ಲ ಮುಂದಿನಿಂದಲೇ ಬರಬೇಕು. ಅದಕ್ಕೆ ಉಪಾಯ ಮಾಡಿದರು. ನೆಂಟರಿಗೆ ಎತ್ತರದ ಮೆಟ್ಟಿಲು, ಅದು ನೇರ ಮೇಲಿನ ಪಡಸಾಲೆಗೆ ಹೋಗುತ್ತದೆ. ಅಡುಗೆಮನೆ ಅದರ ಕೆಳಗಿನ ಅಂತಸ್ತಿನಲ್ಲಿ. ಕೆಲಸದವರಿಗೆ ಮೆಟ್ಟಿಲ ಕೆಳಗೊಂದು ಸಣ್ಣ ಬಾಗಿಲು. ಈ ಎತ್ತರದ ಮೆಟ್ಟಿಲ ಸಾಲಿಗೆ ಇಲ್ಲಿ 'ಸ್ಟೂಪ್' ಅನ್ನುತ್ತಾರೆ. ನ್ಯೂಯಾರ್ಕನ್ನು ಮೊದಲು ಆಳಿದ ಡಚ್ಚರ ಮಾತು ಅದು.

ನನ್ನ ಮಟ್ಟಿಗೆ ಬ್ರೌನ್‌ಸ್ಟೋನ್ ಮನೆಯ ಜೀವ ಈ ಸ್ಟೂಪ್. ನಮ್ಮ ಜಗಲಿಕಟ್ಟೆ ಇದ್ದ ಹಾಗೆ. ಸಂಜೆಯಾದರೆ ಜನ ಮೆಟ್ಟಿಲ ಮೇಲೆ ಕೂರುತ್ತಾರೆ. ಮಕ್ಕಳು ಅಲ್ಲೇ ಆಡುತ್ತವೆ. ದಾರಿಯಲ್ಲಿ ಹೋಗುವವರು ಒಂದು ಮಾತಾಡಿಸಿ ಹೋಗುತ್ತಾರೆ. ಬೆಡ್‌ಫರ್ಡ್-ಸ್ಟೈವಸೆಂಟಿನಲ್ಲಿ ಇದು ಇನ್ನೂ ಜೋರಾಗಿದೆ. ಅಲ್ಲಿನ ಕಪ್ಪು ಕುಟುಂಬಗಳ ಋಣ ಈ ಮನೆಗಳ ಮೇಲೆ ದೊಡ್ಡದು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲದ ನಕಾಶೆಯಲ್ಲಿ ಈ ಬಡಾವಣೆಯನ್ನು ಸಾಲಕ್ಕೆ ಅಪಾಯದ ಜಾಗ ಅಂತ ಕೆಂಪಿನಲ್ಲಿ ಗುರುತಿಸಿದರು. ಬ್ಯಾಂಕುಗಳು ಸಾಲ ಕೊಡಲಿಲ್ಲ. ಅಂಥ ಕಾಲದಲ್ಲೂ ಬಾಡಿಗೆಗೆ ಕೋಣೆ ಬಿಟ್ಟು, ಕಷ್ಟಪಟ್ಟು ಮನೆ ಉಳಿಸಿಕೊಂಡವರು ಅವರು. ಆಮೇಲೆ ನಗರಕ್ಕೆ ಈ ಮನೆಗಳ ಬೆಲೆ ತಿಳಿಯಿತು. 1965ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂತು, ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ನಗರದ ಮೊದಲ ಐತಿಹಾಸಿಕ ಬಡಾವಣೆ ಆಯಿತು. ಬೆಡ್‌ಫರ್ಡ್-ಸ್ಟೈವಸೆಂಟಿನ ಒಂದು ಭಾಗವಾದ ಸ್ಟೈವಸೆಂಟ್ ಹೈಟ್ಸ್‌ಗೆ 1971ರಲ್ಲಿ ಆ ಮಾನ್ಯತೆ ಸಿಕ್ಕಿತು. ನಿಮ್ಮ ಮಗಳ ಮನೆ ಅಂಥ ಗಡಿಯೊಳಗೆ ಇದೆಯೇ ಅಂತ ಮೊದಲು ನೋಡಬೇಕು. ಇದ್ದರೆ ಮುಂಗೋಡೆಯ ಕೆಲಸಕ್ಕೆ ನಗರದ ಲ್ಯಾಂಡ್‌ಮಾರ್ಕ್ಸ್ ಆಯೋಗದ ಅನುಮತಿ ಬೇಕು. ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಕೆಟ್ಟ ಕೆಲಸದಿಂದ ಕಾಪಾಡುವುದೂ ಅದೇ.

ಈಗ ಪೇಂಟ್ ಯಾಕೆ ಬೇಡ ಅನ್ನೋದು. ಗೋಡೆಗೆ ನೀರು ಬರುವುದು ಮುಂದಿನಿಂದ ಮಾತ್ರ ಅಲ್ಲ. ಮೇಲಿನ ಸೂರಂಚಿನಿಂದ, ಸೋರುವ ಮಳೆನೀರಿನ ದೋಣಿಯಿಂದ, ಕಿಟಕಿಯ ಸಂದಿಯಿಂದ, ನೆಲದಿಂದ, ಮನೆಯೊಳಗಿನ ಅಡುಗೆ, ಸ್ನಾನದ ಹಬೆಯಿಂದಲೂ ಬರುತ್ತದೆ. ಆ ತೇವ ಕಲ್ಲಿನ ಸಣ್ಣ ರಂಧ್ರಗಳ ಮೂಲಕ ಹೊರಗೆ ಆರಿಹೋಗಬೇಕು. ಪೇಂಟ್ ಹೊಡೆದರೆ ಆ ದಾರಿ ಮುಚ್ಚುತ್ತದೆ. ತೇವ ಪೇಂಟಿನ ಹಿಂದೆಯೇ ನಿಲ್ಲುತ್ತದೆ, ಜೊತೆಗೆ ಕರಗಿದ ಉಪ್ಪೂ ಅಲ್ಲೇ ಹರಳುಗಟ್ಟುತ್ತದೆ. ಚಳಿಗಾಲ ಬಂದಾಗ ಏನಾಗುತ್ತದೆ ಅಂತ ನೀವೇ ಊಹಿಸಬಹುದು. ಹಿಂದೊಮ್ಮೆ ನಾನು ನೋಡಿದ ಮನೆಯಲ್ಲಿ ಯಾರೋ ಸ್ಟೂಪಿನ ಪಕ್ಕದ ಗೋಡೆಗೆ ದಪ್ಪನೆಯ ಲೇಪ ಬಳಿದಿದ್ದರು. ಎರಡು ಚಳಿಗಾಲ ಚೆನ್ನಾಗಿಯೇ ಕಂಡಿತ್ತು. ಮೂರನೆಯ ವಸಂತಕ್ಕೆ ಲೇಪ ತಾನೊಂದೇ ಬರಲಿಲ್ಲ. ಅರ್ಧ ಇಂಚು ಕಲ್ಲನ್ನೂ ಎಳೆದುಕೊಂಡು ತಟ್ಟೆ ತಟ್ಟೆಯಾಗಿ ಕಳಚಿತು. ಕೆತ್ತಿದ್ದ ಎಲೆಬಳ್ಳಿ ಪೂರ್ತಿ ಹೋಯಿತು. ಮನೆಯ ಹಿರಿಯಾಕೆ ಆ ತುಂಡುಗಳನ್ನು ಒಂದು ಡಬ್ಬದಲ್ಲಿ ಎತ್ತಿಟ್ಟುಕೊಂಡಿದ್ದರು. ಅದನ್ನು ನಾನು ಮರೆತಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ನೀರಿನ ಮೂಲ ನಿಲ್ಲಿಸಬೇಕು. ಸೂರಂಚು, ದೋಣಿ, ನೀರಿನ ಪೈಪು, ಕಿಟಕಿಯ ಕೆಳಗಿನ ಕಲ್ಲು, ಕಲ್ಲು ಕಲ್ಲಿನ ನಡುವಿನ ಸಂದು. ಇವು ಸೋರುತ್ತಿರುವಾಗ ಮುಖ ಎಷ್ಟು ಚೆಂದ ಮಾಡಿದರೂ ಸುಮ್ನೆ ದುಡ್ಡು ದಂಡ. ಸಂದು ತುಂಬಲು ಗಟ್ಟಿ ಸಿಮೆಂಟ್ ಬಳಸಬಾರದು, ಸುಣ್ಣ ಬೆರೆತ ಮೆತ್ತನೆಯ ಗಾರೆ ಬೇಕು. ಗಾರೆ ಯಾವಾಗಲೂ ಕಲ್ಲಿಗಿಂತ ಮೃದುವಾಗಿರಬೇಕು. ಒತ್ತಡ ಬಂದಾಗ ಗಾರೆ ಒಡೆಯಲಿ, ಮತ್ತೆ ತುಂಬಬಹುದು. ಕಲ್ಲು ಒಡೆದರೆ ಏನು ಮಾಡೋದು?

ಆಮೇಲೆ ಕಲ್ಲಿನ ಪರೀಕ್ಷೆ. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತೇವೆ. ಗಟ್ಟಿ ಕಲ್ಲಿನ ಸದ್ದೇ ಬೇರೆ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ. ಟೊಳ್ಳಾದ ಕಡೆ ಮಾತ್ರ, ಗಟ್ಟಿ ಕಲ್ಲು ಸಿಗುವವರೆಗೆ ಕೈ ಉಳಿಯಿಂದ ಬಿಡಿಸಿ ತೆಗೆಯುತ್ತೇವೆ. ಇಲ್ಲಿ ಅವಸರ ಮಾಡಿ ಯಂತ್ರ ಬಳಸಿದರೆ ಒಳಗಿನ ಒಳ್ಳೆಯ ಪದರಕ್ಕೂ ಬಿರುಕು ಬರುತ್ತದೆ. ಗಾರೆ ಹಿಡಿದುಕೊಳ್ಳಲು ಗಟ್ಟಿ ಕಲ್ಲಿನಲ್ಲಿ ಸಣ್ಣ ತೂತು ಕೊರೆದು, ಒದ್ದೆ ಮಾಡಿ, ಗೀರು ಹಾಕಿದ ಮೊದಲ ಲೇಪ ಕೊಡುತ್ತೇವೆ. ಕೊನೆಯ ಲೇಪಕ್ಕೆ ಬಣ್ಣ, ಕಲ್ಲಿನ ಪುಡಿ ಬೆರೆಸಿ ಹಳೆಯ ಕಲ್ಲಿಗೆ ಹೊಂದಿಸುತ್ತೇವೆ. ಬಣ್ಣ ಹೊಂದಿಸುವುದೇ ಕಷ್ಟದ ಕೆಲಸ. ಒದ್ದೆಯಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಅದಕ್ಕೇ ಮೊದಲು ಸಣ್ಣ ತುಂಡಿನ ಮೇಲೆ ಮಾಡಿ, ಪೂರ್ತಿ ಒಣಗಲು ಬಿಟ್ಟು, ಬಿಸಿಲಲ್ಲೂ ನೆರಳಲ್ಲೂ ನೋಡಬೇಕು. ಈ ಕೆಲಸ ಹೆಪ್ಪುಗಟ್ಟುವ ಚಳಿಯಲ್ಲಿ ಮಾಡಬಾರದು. ಶರತ್ಕಾಲ ಮುಗಿಯುವ ಮೊದಲು ಆಗಬೇಕು.

ಬಾಗಿಲ ಚೌಕಟ್ಟಿನ ಕೆತ್ತನೆಯಂಥ ಮುಖ್ಯ ಜಾಗದಲ್ಲಿ ಕಲ್ಲಿಗೆ ಕಲ್ಲನ್ನೇ ಕೂರಿಸುವುದು ಮೇಲು. ಬೇರೆ ಕಡೆಯ ಹೊಂದುವ ಮರಳುಗಲ್ಲು ತರಿಸಬೇಕು, ಖರ್ಚು ಜಾಸ್ತಿ. ಹೊಸ ತುಂಡನ್ನು ಈ ಸಲವಾದರೂ ಪದರ ಮಲಗಿಸಿ ಇಡಿಸಿ.

ಸ್ಟೂಪಿಗೆ ಒಂದು ಎಚ್ಚರಿಕೆ. ಹಿಮ ಬಿದ್ದಾಗ ಇಲ್ಲಿ ಎಲ್ಲರೂ ಮೆಟ್ಟಿಲಿಗೆ ಕಲ್ಲುಪ್ಪು ಎರಚುತ್ತಾರೆ. ಹಿಮ ಕರಗುತ್ತದೆ ನಿಜ, ಆದರೆ ಉಪ್ಪುನೀರು ಕಲ್ಲಿಗೆ ಇಳಿದು ಒಳಗೆ ಹರಳಾಗಿ ಕಾಳು ಕಾಳು ಬಿಡಿಸುತ್ತದೆ. ಮೆಟ್ಟಿಲ ಕಲ್ಲು ಮೊದಲು ಹಾಳಾಗುವುದಕ್ಕೆ ಇದು ದೊಡ್ಡ ಕಾರಣ. ಹಿಮವನ್ನು ಸಲಿಕೆಯಿಂದ ಎಳೆದು, ಕಾಲು ಜಾರದಂತೆ ಮರಳು ಹಾಕಿದರೆ ಸಾಕು.

ಒಂದು ಅನುಮಾನ ಉಳಿದಿದೆ. ಬ್ರೂಕ್ಲಿನ್‌ನ ಎಷ್ಟೋ ಮನೆಗಳಿಗೆ ಹಿಂದೆಯೇ ಕಂದು ಗಾರೆಯ ಲೇಪ ಆಗಿರುತ್ತದೆ. ಫೋಟೋದಲ್ಲಿ ಕಲ್ಲು ಅನ್ನಿಸಿದ್ದು ಹಳೆಯ ಲೇಪವೂ ಆಗಿರಬಹುದು. ಲೇಪ ಉದುರಿದ್ದರೆ ಹಿಂದೆ ಬೂದು ಬಣ್ಣದ ಸಿಮೆಂಟ್ ಕಾಣುತ್ತದೆ. ಕಲ್ಲೇ ಉದುರಿದ್ದರೆ ಒಳಗೂ ಅದೇ ಕಂದು, ಅಂಚಿನಲ್ಲಿ ಹಾಳೆಗಳ ಗೆರೆ, ಮುಟ್ಟಿದರೆ ಬೆರಳಿಗೆ ಮರಳು ಹತ್ತುತ್ತದೆ. ಇನ್ನೊಂದು ಮಾತು. ಈಗ ಇಲ್ಲಿ ಇಟ್ಟಿಗೆ ಮುಖದ, ಸುಣ್ಣಕಲ್ಲಿನ ಮುಖದ ಸಾಲುಮನೆಗಳಿಗೂ ಬ್ರೌನ್‌ಸ್ಟೋನ್ ಅಂತಲೇ ಕರೆದು ಮಾರುತ್ತಾರೆ. ಹೆಸರು ನೋಡಿ ಬೆಲೆ ಕಟ್ಟಬೇಡಿ.

ಮಗಳಿಗೆ ಮೂರು ಫೋಟೋ ತೆಗೆದು ಕಳಿಸಲು ಹೇಳಿ. ಉದುರಿದ ಜಾಗದ ಅಂಚು ಹತ್ತಿರದಿಂದ, ಪದರದ ಗೆರೆ ನಿಂತಿದೆಯೋ ಮಲಗಿದೆಯೋ ಕಾಣುವ ಹಾಗೆ. ಮೇಲಿನ ಸೂರಂಚು, ಅದರ ಕೆಳಗಿನ ಗೋಡೆಯ ಕಲೆ ಸೇರಿ. ಮೂರನೆಯದು ಮೆಟ್ಟಿಲ ಕೆಳಗಿನ ಸಣ್ಣ ಬಾಗಿಲ ಒಳಗೋಡೆಯದು. ಅಲ್ಲಿ ತೇವ ಬಂದಿದೆಯೇ ಅನ್ನೋದು ಮಳೆ ಬಂದ ಮರುದಿನ ತೆಗೆದರೆ ಸರಿಯಾಗಿ ತಿಳಿಯುತ್ತದೆ.